ವಿಮಾನ ಕಟ್ಟಿ ಹಾಕುವವನ ಹೆಂಡತಿ

ವಿನೋಬನಗರದಲ್ಲಿ ಇಳಿದು ಗಾದಿ ರುಕ್ಸಾನಾ ಮನೆ ಯಾವುದು ಎಂದು ಕೇಳಿದರೆ ಯಾವ ಆಟೋದವರೂ ತೋರಿಸುತ್ತಾರೆ. ಮುಂದೆ ಹತ್ತಿ ಪಿಂಜುವ ಮಿಷನ್ನಿನ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಂಗಡಿಯಲ್ಲಿ ಮಾವ ಕುತುಬುದ್ದೀನ್ ಮೂಗಿಗೆ ಟವೆಲ್ ಸುತ್ತಿಕೊಂಡು ಹತ್ತಿ ಪಿಂಜುತ್ತಾರೆ. ಒಳಗೆ ರುಕ್ಸಾನಾ ನೆಲದ ಮೇಲೆ ಕಾಲು ಚಾಚಿ ಕೂತು, ದಬ್ಬಣ ಹಿಡಿದು ಗಾದಿ ಹೊಲಿಯುತ್ತಾಳೆ. ಹತ್ತಿಯ ದೂಳು ಹುಬ್ಬಿಗೆ, ಕೂದಲಿಗೆ ಹತ್ತಿ, ಇನ್ನೂ ಮೂವತ್ತು ತುಂಬದ ಹೆಣ್ಣು ಮಧ್ಯಾಹ್ನದ ಹೊತ್ತಿಗೆ ಮುದುಕಿಯಾಗಿ, ಸಂಜೆ ಮುಖ ತೊಳೆದ ಮೇಲೆ ಮತ್ತೆ ಹುಡುಗಿಯಾಗುತ್ತಾಳೆ.

ಬಾಯಿ ಜೋರು, ಕೈ ಅಚ್ಚುಕಟ್ಟು. ಅಜ್ಜನ ಕಾಲದ ಹತ್ತಿ ತಂದು ಹೊಸ ಗಾದಿ ಮಾಡಿಕೊಡಿ ಎನ್ನುವವರಿಗೆ, ಎಷ್ಟು ಬಡಿದರೂ ಹತ್ತಿಗೆ ವಯಸ್ಸು ಕಮ್ಮಿ ಆಗಲ್ರಿ, ನಮ್ಮ ನಿಮ್ಮಂಗೇ ಅದೂ, ಎಂದು ಮುಖದ ಮೇಲೇ ಹೇಳುತ್ತಾಳೆ. ಹೇಳಿಸಿಕೊಂಡವರು ಮುಂದಿನ ವರ್ಷ ಮತ್ತೆ ಅವಳ ಹತ್ತಿರವೇ ಬರುತ್ತಾರೆ.

ಹುಟ್ಟಿದ್ದು ಹರಿಹರ ತಾಲ್ಲೂಕಿನ ಕೊಕ್ಕನೂರಿನಲ್ಲಿ. ಅವಳ ಅಪ್ಪ ಶಬ್ಬೀರ್ ಸೈಕಲ್ಲಿಗೆ ಹತ್ತಿ ಬಡಿಯುವ ಬಿಲ್ಲು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಪಿಂಜಾರರ ಮನೆಗಳಲ್ಲಿ ಮಾತೆಲ್ಲ ಕನ್ನಡದಲ್ಲೇ. ದುವಾ ಮತ್ತು ಬೈಗುಳಕ್ಕೆ ಮಾತ್ರ ಉರ್ದು. ಶಬ್ಬೀರ್ ಯಾರ ಮನೆಯ ಪಡಸಾಲೆಯಲ್ಲಿ ಕೂತು ಹತ್ತಿ ಬಡಿಯುತ್ತಿದ್ದನೋ ಆ ಮನೆಯಲ್ಲೇ ಮಗಳ ಊಟವೂ ಆಗುತ್ತಿತ್ತು. ಹಾಗೆ ಬೆಳೆದ ಹುಡುಗಿ ವಿನೋಬನಗರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ರಹೀಮುನ್ನೀಸಾ ಮೊದಲು ನೋಡಿದ್ದು ಮುಖವನ್ನಲ್ಲ, ಬೆರಳುಗಳನ್ನು. ದಬ್ಬಣ ಚುಚ್ಚಿದ ಗುರುತು ಕಂಡು, ನಮ್ಮ ಮನೆಯವಳೇ ಬಂದಳು ಅಂದುಕೊಂಡಳಂತೆ.

ಗಂಡ ನೌಮಾನ್ ಮಾತ್ರ ಹತ್ತಿಗೆ ಒಗ್ಗಿದವನಲ್ಲ. ಅಂಗಡಿಯೊಳಗೆ ಕಾಲಿಟ್ಟರೆ ಸೀನು. ಅವನಿಗೆ ನೀರೆಂದರೆ ಜೀವ. ರಜೆ ಬಂದರೆ ಹರಿಹರದ ಸೋದರಮಾವನ ಮನೆಗೆ ಓಡಿ, ಹಗಲೆಲ್ಲ ತುಂಗಭದ್ರೆಯಲ್ಲಿ ಬಿದ್ದಿರುತ್ತಿದ್ದ. ಆನೆಕೊಂಡದ ಗೆಳೆಯ ಮುಜಾಹಿದ್ ಮಾಲ್ಡೀವ್ಸಿನಲ್ಲಿ ಕೆಲಸಕ್ಕಿದ್ದ. ಈಜು ಬರುವವರು ಬೇಕಂತೆ ಎಂದು ಇವನನ್ನೂ ಕರೆಸಿಕೊಂಡ.

ಅದು ನೀರಿನ ವಿಮಾನಗಳ ಕೆಲಸ. ಗಾಲಿ ಇರಬೇಕಾದ ಜಾಗದಲ್ಲಿ ಎರಡು ಉದ್ದನೆಯ ದೋಣಿ ಕಟ್ಟಿದಂತಿರುವ ಸಣ್ಣ ವಿಮಾನ. ನೀರಿನ ಮೇಲೆ ಓಡಿಯೇ ಏಳುತ್ತದೆ, ನೀರಿನ ಮೇಲೇ ಇಳಿಯುತ್ತದೆ. ದ್ವೀಪದಿಂದ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುತ್ತದೆ. ವಿಮಾನ ದಡದ ಕಟ್ಟೆಗೆ ಬಂದ ಕೂಡಲೆ ಅದರ ದೋಣಿಗಾಲಿನ ಮೇಲಿಂದ ಹಾರಿ, ಹಗ್ಗ ಎಳೆದು ಗೂಟಕ್ಕೆ ಕಟ್ಟುವುದು, ಜನರ ಕೈ ಹಿಡಿದು ಇಳಿಸುವುದು, ಪೆಟ್ಟಿಗೆ ಹೊರುವುದು, ಹೊರಡುವಾಗ ಹಗ್ಗ ಬಿಚ್ಚಿ ತಾನೂ ಒಳಗೆ ಹತ್ತುವುದು ನೌಮಾನನ ಪಾಲಿನ ಕೆಲಸ. ಜಾರಬಾರದೆಂದು ದಿನವಿಡೀ ಬರಿಗಾಲು. ಅವನು ಕಳಿಸಿದ ಮೊದಲ ಫೋಟೊ ನೋಡಿ ರಹೀಮುನ್ನೀಸಾ, ವಿಮಾನದ ಕೆಲಸ ಅಂತಾನೆ, ಕಾಲಿಗೆ ಮೆಟ್ಟಿಲ್ಲವಲ್ಲ ಎಂದು ಕೊರಗಿದಳು. ಬೀದಿಯವರೆಲ್ಲ ಪೈಲಟ್ಟಾ ಎಂದು ಕೇಳಿದರೆ ನೌಮಾನ್ ನಗುತ್ತಾ, ಅಲ್ಲಪ್ಪಾ, ನಾನು ವಿಮಾನ ಕಟ್ಟಿ ಹಾಕೋನು, ನಿಮ್ಮನೇಲಿ ಎಮ್ಮೆ ಕಟ್ಟಲ್ವಾ ಹಂಗೆ, ಎನ್ನುತ್ತಿದ್ದ. ರುಕ್ಸಾನಾಗೆ ಅದು ಇಷ್ಟವಾಗಿತ್ತು. ಯಾರಾದರೂ ಗಂಡ ಏನು ಮಾಡ್ತಾರೆ ಎಂದರೆ ಅವಳೂ ವಿಮಾನ ಕಟ್ಟಿ ಹಾಕ್ತಾರೆ ಎಂದೇ ಹೇಳುತ್ತಿದ್ದಳು.

ಒಂದು ವಿಷಯ ಅವನು ಮದುವೆಯ ಹೊಸತರಲ್ಲೇ ಅವಳಿಗೆ ಮನದಟ್ಟು ಮಾಡಿಸಿದ್ದ. ಆ ವಿಮಾನಗಳು ಕತ್ತಲಲ್ಲಿ ಹಾರುವುದಿಲ್ಲ. ನೀರಿನ ಮೇಲೆ ದೀಪವಿಲ್ಲ, ದಾರಿಯಿಲ್ಲ, ಎದುರಿಗೆ ಏನು ತೇಲಿ ಬರುತ್ತದೋ ಕಾಣುವುದಿಲ್ಲ. ಹೊತ್ತು ಮುಳುಗುವುದರೊಳಗೆ ಎಲ್ಲವೂ ದಡಕ್ಕೆ ಬಂದು ಬಾತುಕೋಳಿಗಳಂತೆ ಸಾಲಾಗಿ ನಿಲ್ಲಬೇಕು. ಹಾಗಾಗಿ ರುಕ್ಸಾನಾ ಹಗಲಿಡೀ ಮನಸ್ಸಿನ ಒಂದು ಮೂಲೆಯಲ್ಲಿ ಹೆದರಿಕೆ ಇಟ್ಟುಕೊಂಡೇ ಗಾದಿ ಹೊಲಿಯುತ್ತಿದ್ದಳು. ಸಂಜೆಯ ಆಜಾನ್ ಆದ ಸ್ವಲ್ಪ ಹೊತ್ತಿಗೆ ಫೋನ್ ಬರುತ್ತಿತ್ತು. ಎಲ್ಲಾ ಕಟ್ಟಿ ಹಾಕಿದೆ ನೋಡು, ಎನ್ನುತ್ತಿದ್ದ. ಅಲ್ಲಿಗೆ ಅವಳ ಹೆದರಿಕೆಯೂ ಗೂಟಕ್ಕೆ ಬೀಳುತ್ತಿತ್ತು. ಆಮೇಲೆ ಸಾರಿಗೆ ಒಗ್ಗರಣೆ, ಮಗುವಿಗೆ ಊಟ, ನಿಶ್ಚಿಂತೆಯ ನಿದ್ದೆ.

ಮಗಳು ಮಹೀನ್ ಹುಟ್ಟಿದ್ದು ತವರಿನ ಬಾಣಂತನಕ್ಕೆ ಹೋದಾಗ, ಜಡಿಮಳೆಯ ಆಷಾಢದಲ್ಲಿ. ನೋವು ಕಾಣಿಸಿಕೊಂಡ ರಾತ್ರಿ ಊರ ಹೊರಗಿನ ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಆಂಬುಲೆನ್ಸು ಆಚೆ ದಡದಲ್ಲೇ ನಿಂತುಬಿಟ್ಟಿತು. ಊರಿನ ಹಾಲೇಶಪ್ಪನವರು, ಅರವತ್ತು ದಾಟಿದ ಲಿಂಗಾಯತರ ಯಜಮಾನರು, ತಮ್ಮ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗಾದಿ ಹಾಸಿ, ತಾಡಪಾಲು ಹೊದಿಸಿ, ಅವಳನ್ನು ಹರಿಹರದ ಆಸ್ಪತ್ರೆಗೆ ಮುಟ್ಟಿಸಿದರು. ಕೊಕ್ಕನೂರಿನಲ್ಲಿ ಮಹೀನ್‌ಗೆ ಇವತ್ತಿಗೂ ಟ್ರ್ಯಾಕ್ಟರ್ ಮಹೀನ್ ಎಂದೇ ಹೆಸರು. ಅಂಥ ರಾತ್ರಿಯಲ್ಲಿ ಗಂಡನನ್ನು ಕಳಿಸಿಕೊಟ್ಟ ಹಾಲೇಶಪ್ಪನವರ ಹೆಂಡತಿ ಕಸ್ತೂರಮ್ಮನನ್ನು ಊರು ಹೊಗಳಿದ್ದೇ ಹೊಗಳಿದ್ದು.

ಮಹೀನ್‌ಗೆ ನಾಲ್ಕು ತುಂಬಿದ ವರ್ಷ, ಒಂದು ಸಂಜೆ ಎಂದಿನಂತೆ ಫೋನ್ ಬಂತು. ಎಲ್ಲಾ ಕಟ್ಟಿ ಹಾಕಿದೆ ಎಂದ. ರುಕ್ಸಾನಾ ಪಕ್ಕದ ಬೀದಿಯ ವಾಣಿಶ್ರೀ ಮನೆಯ ಸೀಮಂತಕ್ಕೆ ಹೋಗಿ, ಹಾಡು ಹೇಳಿ, ಹೋಳಿಗೆ ಕಟ್ಟಿಸಿಕೊಂಡು ಬಂದು ಮಲಗಿದಳು. ಬೆಳಿಗ್ಗೆ ಮುಜಾಹಿದ್ ಫೋನ್ ಮಾಡಿದ. ಅವಳಿಗಲ್ಲ, ಮಾವನಿಗೆ.

ಯಾವುದೋ ಸಣ್ಣ ದ್ವೀಪದಲ್ಲಿ ಒಬ್ಬಳು ಹೆಂಗಸಿಗೆ ಹೆರಿಗೆ ಕಷ್ಟವಾಗಿತ್ತು. ದೋಣಿಯಲ್ಲಿ ತಂದರೆ ಬೆಳಗಾಗುತ್ತದೆ, ಅಷ್ಟರತನಕ ತಾಳುವುದಿಲ್ಲ ಎಂದರು. ಎಂದೂ ರಾತ್ರಿ ಹಾರದ ವಿಮಾನಕ್ಕೆ ಅವತ್ತು ವಿಶೇಷ ಅಪ್ಪಣೆಯಾಯಿತು. ಇಬ್ಬರು ಪೈಲಟ್‌ಗಳ ಜೊತೆ ಹಗ್ಗದವನೊಬ್ಬ ಬೇಕು, ಬಲವಂತವಿಲ್ಲ, ಯಾರು ಬರುತ್ತೀರಿ ಎಂದಾಗ ನೌಮಾನ್ ಕೈ ಎತ್ತಿದ. ಹೋಗುವಾಗ ಏನೂ ಆಗಲಿಲ್ಲ. ಹೆಂಗಸನ್ನೂ ಅವಳ ಅಕ್ಕನನ್ನೂ ಹತ್ತಿಸಿಕೊಂಡು ಆ ದ್ವೀಪದಿಂದ ಹೊರಟ ವಿಮಾನ ನೀರಿನ ಮೇಲೆ ಓಡಿ ಇನ್ನೇನು ಏಳಬೇಕು, ಕತ್ತಲಲ್ಲಿ ತೇಲುತ್ತಿದ್ದ ಮರದ ದಿಮ್ಮಿಯೊಂದು ದೋಣಿಗಾಲಿಗೆ ಬಡಿಯಿತು. ವಿಮಾನ ಪಲ್ಟಿಯಾಯಿತು. ಆ ಇಬ್ಬರು ಹೆಂಗಸರನ್ನು ದ್ವೀಪದ ಮೀನುಗಾರರು ಮೇಲೆತ್ತಿದರು. ಒಬ್ಬ ಪೈಲಟ್ ಬದುಕಿದ. ಇನ್ನೊಬ್ಬ ಪೈಲಟ್ ಮತ್ತು ನೌಮಾನ್ ಇಬ್ಬರೂ ಉಳಿಯಲಿಲ್ಲ.

ಬೆಂಗಳೂರಿನಿಂದ ಅವನ ಶವದ ಪೆಟ್ಟಿಗೆ ಬಂತು. ನಮ್ಮ ಕಡೆ ಒಂದು ಪದ್ಧತಿ ಇದೆ. ಮಯ್ಯತ್ ಎತ್ತುವ ಮುಂಚೆ ಮನೆಯವರು ಒಬ್ಬೊಬ್ಬರಾಗಿ ಹತ್ತಿರ ಬಂದು, ಹೇಳಿದ್ದು ಕೇಳಿದ್ದು ಎಲ್ಲ ಮಾಫ್ ಎನ್ನಬೇಕು. ಇದ್ದಾಗ ಮಾಡಿದ ತಪ್ಪುಗಳನ್ನೆಲ್ಲ ಕ್ಷಮಿಸಿ ಹಗುರ ಮಾಡಿ ಕಳಿಸುವುದು ಅದು. ಅದರಲ್ಲೂ ಹೆಂಡತಿ ಹೇಳದೆ ಹೋದರೆ ಸತ್ತವನಿಗೆ ಮಣ್ಣು ಭಾರವಾಗುತ್ತದೆ ಎಂದು ಹಳಬರು ನಂಬುತ್ತಾರೆ. ಕುತುಬುದ್ದೀನ್ ಹೇಳಿದರು, ರಹೀಮುನ್ನೀಸಾ ಹೇಳಿದಳು. ರುಕ್ಸಾನಾ ಸರದಿ ಬಂದಾಗ ಅವಳ ಬಾಯಿ ತೆರೆಯಲಿಲ್ಲ. ಯಾರೋ ಮುದುಕಿಯರು ಕಿವಿಯಲ್ಲಿ ಹೇಳಿಕೊಟ್ಟರು. ಅವಳು ಹಲ್ಲು ಕಚ್ಚಿ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಳು. ಪಾಪ, ಮಂಕು ಕವಿದಿದೆ ಎಂದುಕೊಂಡು ಗಂಡಸರು ಎತ್ತಿಕೊಂಡು ಹೋದರು.

ಮಂಕು ಕವಿದಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

ಕಟ್ಟಿದ್ದನ್ನು ಹೇಳಲು ದಿನಾ ಫೋನ್ ಮಾಡುತ್ತಿದ್ದವನು ಬಿಚ್ಚಿದ್ದನ್ನು ಹೇಳಲೇ ಇಲ್ಲ. ತಾನು ಸೀಮಂತದ ಹಾಡು ಹೇಳುತ್ತಾ ಕೂತಿದ್ದಾಗ ಅವನು ಕತ್ತಲ ನೀರಿನ ಮೇಲಿದ್ದ. ಹೆದರಬೇಕಾದ ಹೊತ್ತಿನಲ್ಲಿ ಹೆದರಲಿಕ್ಕೂ ಬಿಡಲಿಲ್ಲ. ಬಲವಂತವಿರಲಿಲ್ಲ, ತಾನಾಗಿ ಕೈ ಎತ್ತಿದ. ಮನೆಯಲ್ಲಿ ಒಬ್ಬಳು ಇದ್ದಾಳೆ, ಒಂದು ಮಗು ಇದೆ ಅನ್ನುವುದು ಆ ಕೈಗೆ ನೆನಪಾಗಲಿಲ್ಲವೆ? ಇದನ್ನು ಹೇಗೆ ಮಾಫ್ ಮಾಡುವುದು? ಮಾಡದೆ ಇದ್ದರೆ ಅವನಿಗೆ ಮಣ್ಣು ಭಾರ. ಸುಳ್ಳೇ ಮಾಡಿದೆ ಎಂದರೆ ತನಗೆ ಭಾರ. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳ ಮೇಲೆ ಚಿಲ್ಲರೆ ದಿನ ಹೊಸಿಲು ದಾಟದೆ ಇದ್ದತ್ ಕೂರಬೇಕು. ರುಕ್ಸಾನಾ ಕೂತಳು. ಮೈ ತುಂಬ ಕೆಲಸ ಹಚ್ಚಿಕೊಂಡಳು. ಗಾದಿಯ ಮೇಲೆ ಗಾದಿ ಹೊಲಿದಳು, ದಬ್ಬಣವನ್ನು ಯಾರಿಗೋ ಚುಚ್ಚುವಂತೆ ಚುಚ್ಚಿ ಎಳೆದಳು. ರಹೀಮುನ್ನೀಸಾ ಒಂದು ದಿನವೂ ಹೇಳು ಎಂದು ಪೀಡಿಸಲಿಲ್ಲ. ಆದರೆ ಪ್ರತಿ ನಮಾಜಿನ ನಂತರ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಸುಮ್ಮನೆ ಎದ್ದು ಹೋಗುತ್ತಿದ್ದಳು. ಅದಕ್ಕಿಂತ ಪೀಡಿಸಿದ್ದರೇ ವಾಸಿಯಿತ್ತು.

ಮುಜಾಹಿದ್ ಆಗಾಗ ಫೋನ್ ಮಾಡುತ್ತಿದ್ದ. ಆ ಹೆಂಗಸನ್ನು ಕೊನೆಗೆ ದೋಣಿಯಲ್ಲೇ ಒಯ್ದರು, ಹೇಗೋ ತಾಳಿದಳು, ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಒಮ್ಮೆ ಹೇಳಿದ. ರುಕ್ಸಾನಾ ಹೂಂ ಎಂದಳಷ್ಟೆ, ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಇನ್ನೊಮ್ಮೆ ಅವಳೇ ಪಟ್ಟು ಹಿಡಿದು ಕೇಳಿದಳು, ಹೊರಡುವಾಗ ಏನಾದರೂ ಅಂದರಾ ಎಂದು. ಮುಜಾಹಿದ್ ತಡವರಿಸಿ ಹೇಳಿದ. ಮನೆಗೊಂದು ಫೋನ್ ಹಚ್ಚೋ ಎಂದು ತಾನೇ ಹೇಳಿದ್ದನಂತೆ. ಹಚ್ಚಿದರೆ ಅವಳು ಬಿಡಲ್ಲ ಮಾರಾಯಾ, ಬಂದು ಮಾಡ್ತೀನಿ ಎಂದನಂತೆ ನೌಮಾನ್.

ಮರೆತು ಹೋಗಿದ್ದರೆ ಬೇರೆ ಮಾತು. ನೆನಪಿದ್ದೂ ಮಾಡಲಿಲ್ಲ. ಅವತ್ತು ರುಕ್ಸಾನಾ ದಬ್ಬಣ ಮುಟ್ಟಲಿಲ್ಲ.

ಇದ್ದತ್ ಮುಗಿಯಲು ಇನ್ನೂ ಕೆಲವು ದಿನ ಇದ್ದಾಗ ಕೊಕ್ಕನೂರಿನಿಂದ ಹಾಲೇಶಪ್ಪನವರೂ ಕಸ್ತೂರಮ್ಮನೂ ಬಂದರು. ಅನ್ಯ ಗಂಡಸರು ಇದ್ದತ್ ಕೂತವಳನ್ನು ನೋಡುವಂತಿಲ್ಲ ಎಂದು ಹಾಲೇಶಪ್ಪನವರು ತಾವಾಗಿಯೇ ಅಂಗಡಿಯಲ್ಲಿ ಕುತುಬುದ್ದೀನರ ಜೊತೆ ಚಹ ಕುಡಿಯುತ್ತಾ ಕೂತರು. ಕಸ್ತೂರಮ್ಮ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಒಳಗೆ ಬಂದಳು. ಹಣೆಯ ತುಂಬ ವಿಭೂತಿ, ದಪ್ಪ ಮೈ, ಏದುಸಿರು. ಹೊಲಿಯುತ್ತಿದ್ದ ಗಾದಿಯ ಮೇಲೇ ಕೂತು, ಮಹೀನ್‌ಳನ್ನು ತೊಡೆಗೆ ಎಳೆದುಕೊಂಡಳು. ಮಳೆ, ಭತ್ತ, ಮೊಮ್ಮಗಳು ನಯನಾಳ ಶಾಲೆ, ಎಲ್ಲದರ ಮಾತೂ ಆಯಿತು. ಆಮೇಲೆ ಮಗುವನ್ನು ಅಜ್ಜನ ಹತ್ತಿರ ಹೊರಗೆ ಕಳಿಸಿದಳು.

“ನಿನಗೊಂದು ಮಾತು ಹೇಳ್ಬೇಕು ರುಕ್ಸಾನಾ,” ಎಂದಳು. “ಆವತ್ತು ಟ್ರ್ಯಾಕ್ಟರ್ ತಗೊಂಡು ಹೋಗ್ರಿ ಅಂತ ನಾನು ಕಳಿಸಿದೆ ಅಂತ ಊರೆಲ್ಲ ಹೇಳ್ತೈತೆ. ನಾನು ಕಳಿಸಲಿಲ್ಲ. ಬಾಗ್ಲಿಗೆ ಅಡ್ಡ ಮಲಗಿದ್ದೆ.”

ರುಕ್ಸಾನಾ ತಲೆ ಎತ್ತಿದಳು.

ಕಸ್ತೂರಮ್ಮ ಮುಚ್ಚುಮರೆ ಇಲ್ಲದೆ ಹೇಳಿದಳು. ಶಬ್ಬೀರ್ ಬಂದು ಕೂಗಿದ ಕೂಡಲೆ ಹಾಲೇಶಪ್ಪನವರು ಎದ್ದು, ಹೆಂಡತಿಗೆ ಎಚ್ಚರವಾದೀತು ಎಂದು ದೀಪವನ್ನೂ ಹಾಕದೆ ಕತ್ತಲಲ್ಲೇ ಅಂಗಿ ತಡಕಿದ್ದರು. ಹಿಂದಿನ ಮಳೆಗಾಲದಲ್ಲಿ ಅದೇ ಹಳ್ಳ ಅವರ ತಮ್ಮನನ್ನು ಎತ್ತಿನ ಸಮೇತ ಒಯ್ದಿತ್ತು. ಕಸ್ತೂರಮ್ಮ ಹೊಸಿಲಿಗೆ ಅಡ್ಡ ಬಿದ್ದು, ದಾಟಿ ಹೋದರೆ ನನ್ನ ಹೆಣ ದಾಟಿದಂಗೆ ಎಂದಳು. ಆಗ ಶಬ್ಬೀರನ ಫೋನಿಗೆ ನೌಮಾನ್ ಫೋನ್ ಬಂತು. ಶಬ್ಬೀರ್ ಅದನ್ನು ಕಸ್ತೂರಮ್ಮನ ಕಿವಿಗೇ ಹಿಡಿದ.

“ಅಲ್ಲೆಲ್ಲೋ ಸಮುದ್ರದಾಗ ಕೂತು ಅಳ್ತಿದ್ದ ಹುಡುಗ. ಅಮ್ಮಾ ದಾರಿ ಬಿಡ್ರಿ ಅಂದ. ನಾನು ಏನಂದೆ ಗೊತ್ತಾ? ನಿನ್ನ ಹೆಂಡ್ತಿ ಉಳೀಲಿ ಅಂತ ನನ್ನ ಗಂಡನ್ನ ಕೊಡ್ಲೇನೋ ಅಂದೆ.” ಕಸ್ತೂರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅಳೋದು ನಿಲ್ಲಿಸ್ದ. ಆಮ್ಯಾಲೆ, ಬ್ಯಾಡ ಬಿಡ್ರಿ ಅಮ್ಮಾ, ನಂದು ತಪ್ಪಾತು, ಕಳಿಸ್ಬ್ಯಾಡ್ರಿ ಅಂದ. ಕಳಿಸ್ರಿ ಅನ್ನೋತನ ಮಲಗಿದ್ದೆ. ಬ್ಯಾಡ ಅಂದ್ನಲ್ಲ, ಆಗ ಎದ್ದೆ.”

ಮುಂದಿನ ರಜೆಗೆ ಬಂದಾಗ ನೌಮಾನ್ ಕಸ್ತೂರಮ್ಮನನ್ನು ಹುಡುಕಿಕೊಂಡು ಕೊಕ್ಕನೂರಿಗೆ ಹೋಗಿದ್ದನಂತೆ. ಇದು ರುಕ್ಸಾನಾಗೆ ಗೊತ್ತಿರಲಿಲ್ಲ. ಉಡುಗೊರೆ ಎಂದು ಮೀನಿನ ಡಬ್ಬಿಗಳನ್ನು ಒಯ್ದಿದ್ದನಂತೆ, ಲಿಂಗ ಕಟ್ಟಿದವರ ಮನೆಗೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಕಸ್ತೂರಮ್ಮ ಎಷ್ಟು ನಕ್ಕಳೆಂದರೆ ಹುಡುಗನ ಕಿವಿಯೆಲ್ಲ ಕೆಂಪಾಯಿತು. ಬಿಸಾಡಲು ಮನಸ್ಸು ಬರದೆ ದನದ ಕೊಟ್ಟಿಗೆಯ ಜಂತಿಯ ಮೇಲೆ ಇಟ್ಟಿದ್ದಾಳಂತೆ. ಅವತ್ತು ಅವನು ಕಟ್ಟೆಯ ಮೇಲೆ ಕೂತು ಕೇಳಿದ್ದು ಒಂದೇ ಮಾತು: ಯಜಮಾನರು ವಾಪಸು ಬರುವತನಕ ನೀವು ಏನು ಮಾಡಿದಿರಿ ಅಮ್ಮಾ? ಅವಳು ಹೇಳಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸಿದ್ದು, ಹಳ್ಳದ ಸದ್ದು ಕೇಳಬಾರದೆಂದು ಕಿವಿಗೆ ಬಟ್ಟೆ ತುರುಕಿಕೊಂಡಿದ್ದು, ಗಂಡನಿಗೆ ಇಲ್ಲದ ಬೈಗುಳ ಬೈದದ್ದು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡನಂತೆ.

“ಹಂಗಾದ್ರೆ ಅವ್ರಿಗೆ ಗೊತ್ತಿತ್ತು,” ಎಂದಳು ರುಕ್ಸಾನಾ. “ಮನ್ಯಾಗಿರೋರಿಗೆ ಹೆಂಗಾಗ್ತೈತೆ ಅಂತ.”

“ಗೊತ್ತಿತ್ತು. ಗೊತ್ತಿದ್ದೇ ಹೋಗ್ಯಾನ. ನಿನ್ನ ಕೇಳಿದ್ರೆ ನೀನೂ ಬಾಗ್ಲಿಗೆ ಅಡ್ಡ ಮಲಗ್ತಿದ್ದೆ. ದಾಟಾಕೆ ಅವನ ಕೈಲಿ ಆಗ್ತಿರಲಿಲ್ಲ.”

ರುಕ್ಸಾನಾ ಗಾದಿಯ ಅಂಚನ್ನು ಬೆರಳಿನಿಂದ ಮಡಚಿದಳು, ಬಿಚ್ಚಿದಳು. ಆಮೇಲೆ ಇಷ್ಟು ದಿನ ಯಾರನ್ನೂ ಕೇಳಲಾಗದ್ದನ್ನು ಕೇಳಿದಳು.

“ದೊಡ್ಡಮ್ಮಾ, ಆವತ್ತು ದೊಡ್ಡಪ್ಪ ವಾಪಸ್ ಬರದೆ ಹೋಗಿದ್ರೆ, ಮಾಫ್ ಮಾಡ್ತಿದ್ರಾ?”

“ಇಲ್ಲವ್ವ,” ಎಂದಳು ಕಸ್ತೂರಮ್ಮ, ತಡವಿಲ್ಲದೆ. “ಬಂದ ಮ್ಯಾಲೂ ಒಂದು ವಾರ ಮಾತಾಡ್ಸಿಲ್ಲ. ನೀನು ಮಾಡು ಅಂತ ಹೇಳಾಕೂ ನಾನು ಬಂದಿಲ್ಲ.”

“ಮತ್ಯಾಕ ಬಂದ್ರಿ?”

“ಒಬ್ಬಾಕೇ ಬೈಕೋತ ಕೂತಿರ್ತೀಯಲ್ಲ. ಜೊತಿಗಿರಲಿ ಅಂತ.”

ಅಷ್ಟು ದಿನ ಹೆಪ್ಪುಗಟ್ಟಿದ್ದ ಅಳು ಆಗ ಬಂತು. ಕಸ್ತೂರಮ್ಮ ಸಮಾಧಾನ ಹೇಳಲಿಲ್ಲ. ಅಳು ಸ್ವಲ್ಪ ಇಳಿದ ಮೇಲೆ ತನ್ನ ಗಂಡನನ್ನು ಬೈಯಲು ಶುರು ಮಾಡಿದಳು. ಕೇಳದೆ ಹೊಲ ಗುತ್ತಿಗೆಗೆ ಕೊಟ್ಟಿದ್ದು, ಕಣ್ಣು ಕಾಣದಿದ್ದರೂ ಟ್ರ್ಯಾಕ್ಟರ್ ಹತ್ತುವುದು. ರುಕ್ಸಾನಾ ಮೂಗು ಒರೆಸಿಕೊಂಡು ತನ್ನ ಗಂಡನದನ್ನು ಸೇರಿಸಿದಳು. ಒದ್ದೆ ಟವೆಲನ್ನು ಗಾದಿಯ ಮೇಲೆ ಎಸೆಯುವುದು, ತಮಾಷೆಯಲ್ಲಿ ಮಾತು ಮರೆಸುವುದು. ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ರಹೀಮುನ್ನೀಸಾ ಹೆತ್ತ ಮಗನನ್ನು ಬೈಯುವುದನ್ನು ಕೇಳುತ್ತಾ ಮೊದಲು ಕಣ್ಣು ಒರೆಸಿಕೊಂಡಳು. ಆಮೇಲೆ ಅವಳೂ ಬಂದು ಕೂತು, ಚಿಕ್ಕವನಿದ್ದಾಗ ಶಾಲೆ ತಪ್ಪಿಸಿ ಹೊಳೆಗೆ ಹೋಗಿ, ತಲೆ ಒದ್ದೆಯಾದದ್ದು ಗೊತ್ತಾಗಬಾರದೆಂದು ಹತ್ತಿ ರಾಶಿಯಲ್ಲಿ ತಲೆ ಒರೆಸಿಕೊಂಡು ಬಂದ ಕತೆ ಹೇಳಿದಳು. ಕೂದಲ ತುಂಬ ಹತ್ತಿ ಹತ್ತಿಸಿಕೊಂಡು ನಿಂತು, ನಾನು ಹೊಳೆಗೆ ಹೋಗಿಲ್ಲಮ್ಮೀ ಎಂದಿದ್ದನಂತೆ. ಮೂವರೂ ನಕ್ಕರು. ಅಂಗಡಿಯಲ್ಲಿ ಕೂತಿದ್ದ ಹಾಲೇಶಪ್ಪನವರು, ಒಳಗೆ ನಮ್ಮ ತಿಥಿ ನಡೆದೈತೆ ಕಾಣ್ತದೆ ಭಾಯಿ, ಎಂದದ್ದು ಒಳಗೂ ಕೇಳಿಸಿತು.

ಮರುದಿನ ರುಕ್ಸಾನಾ ತಾನೇ ಮುಜಾಹಿದ್‌ಗೆ ಫೋನ್ ಮಾಡಿ ಆ ಮಗು ಗಂಡೋ ಹೆಣ್ಣೋ ಎಂದು ಕೇಳಿದಳು. ಹೆಣ್ಣು ಎಂದ. ಹಾಲು ಸರಿಯಾಗಿ ಕುಡೀತಾ, ತಾಯಿಗೆ ಮೈಯಲ್ಲಿ ಶಕ್ತಿ ಬಂತಾ ಎಂದು ಬಾಣಂತಿಯರನ್ನು ಕೇಳುವಂತೆ ಎಲ್ಲ ಕೇಳಿದಳು. ಅವನಿಗೆ ಅರ್ಧಕ್ಕೂ ಉತ್ತರ ಗೊತ್ತಿರಲಿಲ್ಲ, ವಿಚಾರಿಸಿ ಹೇಳ್ತೀನಿ ಭಾಬಿ ಎಂದ.

ಇದ್ದತ್ ಮುಗಿಯಿತು. ಹೊಸಿಲು ದಾಟಿದವಳನ್ನು ಮೊದಲು ತವರಿಗೆ ಕರೆದೊಯ್ಯುವುದು ವಾಡಿಕೆ. ರುಕ್ಸಾನಾ ಅದಕ್ಕೆ ಮುಂಚೆ ಖಬರಸ್ತಾನಕ್ಕೆ ಹೋಗಬೇಕು ಎಂದಳು. ಹೆಂಗಸರು ಒಳಗೆ ಹೋಗುವುದಿಲ್ಲ, ಹೊರಗಿನ ಗೋಡೆಯ ಹತ್ತಿರ ನಿಲ್ಲಬಹುದು. ರಹೀಮುನ್ನೀಸಾ ಜೊತೆಗೆ ಬಂದಳು. ಮಹೀನ್ ಆಟೋದಲ್ಲೇ ಅಜ್ಜನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಎಷ್ಟೋ ದಿನದ ಮೇಲೆ ಬಿಸಿಲು ಕಂಡ ರುಕ್ಸಾನಾಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಗೋಡೆ ಎದೆಮಟ್ಟಕ್ಕಿತ್ತು. ಆಚೆ ಬೇವಿನ ಮರದ ಹತ್ತಿರ ಹೊಸ ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಮಳೆ ಬಿದ್ದು ಅಲ್ಲಲ್ಲಿ ಹುಲ್ಲು ಎದ್ದಿತ್ತು.

ಅವಳು ಗೋಡೆಯ ಮೇಲೆ ಎರಡೂ ಕೈ ಇಟ್ಟು, ಅಂಗಡಿಯಲ್ಲಿ ಇರುವವನನ್ನು ಕೂಗಿದಂತೆ ಕೂಗಿದಳು.

“ಮಹೀನ್ ಅಬ್ಬಾ, ಕೇಳ್ರಿ. ಹೇಳಿದ್ದು ಕೇಳಿದ್ದು ಎಲ್ಲಾ ಮಾಫ್. ರಾತ್ರಿ ಹೋಗಿದ್ದೂ ಮಾಫ್.” ಉಸಿರು ಎಳೆದುಕೊಂಡಳು. “ಫೋನ್ ಮಾಡದೆ ಹೋದ್ರಲ್ಲ, ಅದೊಂದು ಮಾತ್ರ ಆಗಲ್ಲ.”

ಹೆತ್ತವಳ ಎದುರಿಗೆ ಹೀಗೆ ಒಂದನ್ನು ಉಳಿಸಿಕೊಂಡಿದ್ದಕ್ಕೆ ಅತ್ತೆ ಏನೆಂದುಕೊಂಡಳೋ ಎಂದು ತಿರುಗಿ ನೋಡಲೂ ಧೈರ್ಯವಾಗಲಿಲ್ಲ. ರಹೀಮುನ್ನೀಸಾ ದುಪಟ್ಟಾದ ತುದಿಯಿಂದ ಗೋಡೆಯ ದೂಳು ಹತ್ತಿದ ಸೊಸೆಯ ಕೈಗಳನ್ನು ಒಂದೊಂದಾಗಿ ಒರೆಸಿದಳು.

“ಅದೊಂದು ಇಟ್ಕೋ,” ಎಂದಳು. “ನಿಮ್ಮ ಮಾವಂದು ನಾನೂ ಒಂದು ಇಟ್ಕೊಂಡೀನಿ. ಮದುವಿ ಆದ ವರ್ಷದ್ದು.”

“ಏನದು ಅಮ್ಮೀ?”

“ನಿನಗ್ಯಾಕ ಅದು,” ಎಂದು ರಹೀಮುನ್ನೀಸಾ ಆಟೋದ ಕಡೆ ನಡೆದಳು.